ಬೋರಲು ಮಲಗುವ ಸಾಮು

ಜನವರಿ 11, 1999, ಸೋಮವಾರ

ಹೊಸ ವರ್ಷಕ್ಕೆಂದು ಮಿಲ್ಲಿನವರು ಈ ಡೈರಿ ಕೊಟ್ಟರು. ಎಂಟನೇ ಕ್ಲಾಸು ಬಿಟ್ಟ ಮೇಲೆ ನಾನು ಬರೆದದ್ದು ಸಂಬಳದ ದಿನ ಹಾಕುವ ‘ಮಾರುತೇಶ’ ಎಂಬ ಸಹಿ ಮಾತ್ರ. ಬರೆಯುವುದಾದರೆ ಸುಳ್ಳು ಬರೆಯಬಾರದು ಎಂದುಕೊಂಡಿದ್ದೇನೆ. ಯಾರೂ ಓದದ ಕಡೆ ಸುಳ್ಳು ಬರೆಯುವುದು ಮೂರ್ಖರ ಕೆಲಸ.

ಬೆಳಕು ಹರಿಯುವ ಮೊದಲೇ ಗರಡಿಗೆ ಹೋದೆ. ಮೊದಲು ದಂಡ, ಆಮೇಲೆ ಬಸ್ಕಿ, ಕೊನೆಗೆ ಕಲ್ಲಿನ ಗುಂಡು. ಅಪ್ಪ ಸತ್ತ ವರ್ಷದಿಂದ ಇದೇ ಕ್ರಮ, ಒಂದು ದಿನವೂ ಹಿಂದೆ ಮುಂದೆ ಆಗಿಲ್ಲ. ಶಾಲೆ ಬಿಟ್ಟೆ. ಗ್ಯಾರೇಜು ಬಿಟ್ಟೆ. ಬಳ್ಳಾರಿಯ ಲಾರಿಯಲ್ಲಿ ಕ್ಲೀನರ್ ಆಗಿದ್ದೆ, ಅದನ್ನೂ ಬಿಟ್ಟೆ. ಬಿಡದೆ ಉಳಿದಿರುವುದು ಸಾಮು ಒಂದೇ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುವ ಕೆಲಸ ಸಿಕ್ಕಿದ್ದೂ ಈ ಮೈ ನೋಡಿಯೇ.

ಗುಂಡು ಇಳಿಸುವಾಗ ಸೊಂಟದಲ್ಲಿ ಚಳಕ್ ಎಂದಿತು. ಎಡಗಾಲಿನ ಹಿಂಭಾಗ ಜೋಮು ಹಿಡಿಯಿತು. ದೀಪಾವಳಿ ಆದಾಗಿನಿಂದ ಹೀಗಾಗುತ್ತಿದೆ. ಬಸ್ಕಿ ಸಾಲುತ್ತಿಲ್ಲ ಎಂದು ಕಾಣುತ್ತದೆ. ನಾಳೆಯಿಂದ ಹೆಚ್ಚು ಹೊಡೆಯಬೇಕು.

ಜನವರಿ 19, ಮಂಗಳವಾರ

ನಮ್ಮೂರು ಉಳ್ಳಾರ್ತಿಯಿಂದ ಚಳ್ಳಕೆರೆವರೆಗೆ ಬಸ್ಸಿನಲ್ಲಿ ಕೂರಲಾಗಲಿಲ್ಲ. ಸೀಟು ಇದ್ದರೂ ಕಂಬಿ ಹಿಡಿದು ನಿಂತಿದ್ದೆ. ನನ್ನ ಜೊತೆ ಮಿಲ್ಲಿಗೂ ಗರಡಿಗೂ ಬರುವ ರಾಮಾಂಜನೇಯ ಸುಮ್ಮನಿರಬೇಕಲ್ಲ.

“ಏನ್ಲೇ, ಸೀಟು ಖಾಲಿ ಇಟ್ಕಂಡು ಯಾರಿಗೆ ಕಾಯ್ತಿದೀಯ? ಹತ್ತಿದವರೆಲ್ಲ ಮುದುಕೀರೇ ಕಣಲೇ.”

ಸಂಜೆ ಉಸ್ತಾದ್ ದೊಡ್ಡಪಾಲಯ್ಯನವರಿಗೆ ಹೇಳಿದೆ. ಅವರು ಸೊಂಟಕ್ಕೆ ಎಣ್ಣೆ ತಿಕ್ಕಿ ಮೊಣಕಾಲಿನಿಂದ ಒತ್ತಿದರು.

“ನರ ಸಡ್ಲ ಆಗೈತೆ. ಸಾಮು ಬಿಟ್ರೆ ಇನ್ನೂ ಸಡ್ಲ ಆಗ್ತೈತೆ. ನಿಮ್ಮಪ್ಪ ಚಿಕ್ಕೀರಪ್ಪ ಬಿಟ್ಟ. ಏನಾದ?”

ಏನಾದ ಎಂದು ನನಗೂ ಗೊತ್ತು, ಗರಡಿಯವರಿಗೆಲ್ಲ ಗೊತ್ತು. ಯಾರಾದರೂ ಎರಡು ದಿನ ತಪ್ಪಿಸಿದರೆ ಉಸ್ತಾದರು ಹೇಳುವ ಕಥೆ ಅದೇ. ಗುಂಡನ್ನು ಹೆಗಲ ಮೇಲಿಟ್ಟುಕೊಂಡು ಗರಡಿ ಸುತ್ತು ಹಾಕುತ್ತಿದ್ದ ಅಪ್ಪ ಸಾಮು ಬಿಟ್ಟ, ಮೈ ಇಳಿಯಿತು, ಸತ್ತ. ಕೊನೆಯ ದಿನಗಳಲ್ಲಿ ಅವನಿಗೆ ನೀರು ಕುಡಿಸುತ್ತಿದ್ದವನು ನಾನು. ಅವನ ರಟ್ಟೆ ನನ್ನ ಆ ವಯಸ್ಸಿನ ಮುಷ್ಟಿಯೊಳಗೆ ಹಿಡಿಯುತ್ತಿತ್ತು.

ಕಾಲು ನೋವಿಗೆ ನಾನು ಹೆದರುವುದಿಲ್ಲ. ಆ ರಟ್ಟೆಗೆ ಹೆದರುತ್ತೇನೆ.

ಜನವರಿ 24, ಭಾನುವಾರ

ಅಕ್ಕ ಗಂಗಲಕ್ಷ್ಮಿ ಕಾಲು ಮುಂದಾಗಿ ಹುಟ್ಟಿದವಳು. ಸೊಂಟ ಉಳುಕಿದವರು ಭಾನುವಾರ ಬೆಳಿಗ್ಗೆ ಬಾಯಿಗೆ ನೀರು ಹಾಕದೆ, ಯಾರನ್ನೂ ಮಾತಾಡಿಸದೆ ಬಂದು ನಮ್ಮ ಹೊಸ್ತಿಲ ಮುಂದೆ ಬೋರಲು ಮಲಗುತ್ತಾರೆ. ಅವಳು ಎಡಗಾಲನ್ನು ಮೂರು ಸಲ ಸೊಂಟಕ್ಕೆ ಮುಟ್ಟಿಸಿ ದಾಟುತ್ತಾಳೆ. ಗಂಡ ಸತ್ತು ಅವಳು ನಮ್ಮ ಮನೆಗೆ ಬಂದ ಮೇಲೆ ಊರವರು ಯಾವ ಶುಭಕಾರ್ಯಕ್ಕೂ ಕರೆಯುವುದಿಲ್ಲ. ಭಾನುವಾರ ಮಾತ್ರ ಅವಳ ಕಾಲು ಬೇಕು.

ಇವತ್ತು ನಾನೇ ಮಲಗಿದೆ. ಅವಳು ಮುಟ್ಟಿಸಿದ್ದೇ ಗೊತ್ತಾಗಲಿಲ್ಲ.

“ಇದೇನಕ್ಕ, ನೊಣ ಕುಂತಂಗೆ? ಪೂರ್ತಿ ನಿಲ್ಲು.”

“ಹಂಗೆಲ್ಲ ನಿಲ್ಲಬಾರ್ದು ಕಣೋ.”

“ಅದು ಬೇರೆಯೋರಿಗೆ. ನಂದು ಸಾಮಿನ ಮೈ. ಎರಡೂ ಕಾಲಿಟ್ಟು ನಿಲ್ಲು ಅಂದ್ನಲ್ಲ.”

ಬೇಡ ಬೇಡ ಎನ್ನುತ್ತಲೇ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ಏನೋ ಜಾರಿತು. ಸೊಂಟದಿಂದ ಹಿಮ್ಮಡಿವರೆಗೆ ಕಾದ ಎಣ್ಣೆ ಸುರಿದ ಹಾಗಾಯಿತು. ನಾನು ಕಿರುಚಲಿಲ್ಲ ಎಂದು ಬರೆಯಬೇಕೆಂದಿದ್ದೆ. ಕಿರುಚಿದೆ. ಅಕ್ಕಪಕ್ಕದವರೆಲ್ಲ ಬಂದು ನಿಲ್ಲುವ ಹಾಗೆ ಕಿರುಚಿದೆ.

ಜನವರಿ 25, ಸೋಮವಾರ

ಎಡಪಾದವನ್ನು ಮೇಲಕ್ಕೆ ಎತ್ತಲು ಆಗುತ್ತಿಲ್ಲ. ಚಪ್ಪಲಿ ನಿಲ್ಲುತ್ತಿಲ್ಲ. ಹೆಬ್ಬೆರಳಿಗೆ ಏಳು ಎಂದರೆ ಅದು ಬೇರೆ ಯಾರದೋ ಬೆರಳಿನಂತೆ ಬಿದ್ದಿದೆ.

ಫೆಬ್ರವರಿ 3, ಬುಧವಾರ

ದುರ್ಗದ ಆಸ್ಪತ್ರೆಗೆ ಅಕ್ಕನ ಜೊತೆ ಹೋಗಿದ್ದೆ. ಬೆನ್ನುಮೂಳೆಗಳ ನಡುವಿನ ಮೆತ್ತೆ ಹೊರಗೆ ಜಾರಿ ಕಾಲಿನ ನರವನ್ನು ಅದುಮಿದೆಯಂತೆ. ದೊಡ್ಡ ಊರಿಗೆ ಹೋಗಿ ಆಪರೇಷನ್ ಮಾಡಿಸಬಹುದು, ಮಾಡಿಸಿದರೂ ಪಾದ ಬರುತ್ತದೆ ಎನ್ನಲಾಗದು, ಕೆಲವು ವಾರ ನೋಡೋಣ ಎಂದರು ಡಾಕ್ಟರು. ಇನ್ನೊಮ್ಮೆ ಜಾರಿದರೆ ಎರಡೂ ಕಾಲು ಹೋಗಬಹುದು. ಮೂತ್ರ ಕಟ್ಟಿದರೆ ಆ ಕ್ಷಣವೇ ಬರಬೇಕು. ಇಷ್ಟೆಲ್ಲ ಕೇಳಿದ ಮೇಲೆ ನಾನು ಕೇಳಿದ್ದು ಒಂದೇ, ಸಾಮು ಯಾವಾಗ ಶುರು ಮಾಡಲಿ ಎಂದು.

“ಗುಂಡು, ಬಸ್ಕಿ, ಮೂಟೆ, ಮೂರೂ ಮುಗೀತು. ಯಾವಾಗ ಅನ್ನೋ ಮಾತಿಲ್ಲ,” ಎಂದು ವ್ಯಾಯಾಮ ಹೇಳಿಕೊಡುವ ಕೋಣೆಗೆ ಕಳಿಸಿದರು.

ಅಲ್ಲಿ ದ್ರಾಕ್ಷಾಯಣಮ್ಮ ಎಂಬುವವರಿದ್ದರು. ದಪ್ಪ ಹೆಂಗಸು, ದಪ್ಪ ಕನ್ನಡಕ. ಮಂಚದ ಮೇಲೆ ಬೋರಲು ಮಲಗು ಎಂದಾಗ ನನ್ನ ಮೈ ತಾನಾಗಿ ಬಿಗಿಯಿತು.

“ನಾನೇನು ತುಳಿಯಲ್ಲಪ್ಪ, ಮಲಗು. ಮೊಣಕೈ ಊರು. ಎದೆ ಮಾತ್ರ ಎತ್ತು, ಸೊಂಟ ಮಂಚ ಬಿಡಬಾರದು. ಹಾಂ. ಇಳಿಸು.”

“ಇಷ್ಟೇನಾ?”

“ಇಷ್ಟೇ. ನಿಂಗೆ ಕಷ್ಟ ಆಗೋದೂ ಇದೇ ನೋಡು, ಇಷ್ಟಕ್ಕೇ ನಿಲ್ಲಿಸೋದು.”

ಆಮೇಲೆ ಸಮನಾದ ರಸ್ತೆಯಲ್ಲಿ ನಿಧಾನವಾಗಿ ನಡೆಯಬೇಕು. ಪಾದ ಏಳಲಿ ಬಿಡಲಿ, ದಿನಾ ಅದಕ್ಕೆ ಏಳು ಎಂದು ಹೇಳುತ್ತಿರಬೇಕು. ಇದನ್ನು ಅವರು ವ್ಯಾಯಾಮ ಎನ್ನುತ್ತಾರೆ. ಹಸುಗೂಸು ಮಗುಚಿಕೊಂಡು ತಲೆ ಎತ್ತುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಎಡಗಾಲಿನ ಚಪ್ಪಲಿಯನ್ನು ಊರು ಬರುವವರೆಗೂ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಫೆಬ್ರವರಿ 7, ಭಾನುವಾರ

ಬಾಗಿಲು ಹಾಕಿಕೊಂಡು ಆ ಹೆಂಗಸಿನ ಆಟ ಆಡಿದೆ. ಅವ್ವ ಕಿಟಕಿಯಲ್ಲಿ ಇಣುಕಿ, “ಏನು ಕಳ್ಕಂಡು ಹುಡುಕ್ತಿದೀಯೋ ನೆಲದಾಗೆ?” ಎಂದಳು. ಎರಡು ಸಲ ಎದೆ ಎತ್ತಿ ಬಿಟ್ಟುಬಿಟ್ಟೆ. ಬೆವರೇ ಬರದ್ದು ಎಂಥ ಸಾಮು?

ರಟ್ಟೆಯನ್ನು ಹಿಡಿದು ಹಿಡಿದು ನೋಡಿಕೊಳ್ಳುತ್ತಿದ್ದೇನೆ. ಇಳಿದಿದೆ. ನಿಜವಾಗಿ ಇಳಿದಿದೆ.

ಇವತ್ತು ಹೊಸ್ತಿಲಿಗೆ ಯಾರೂ ಬರಲಿಲ್ಲ. ಅಕ್ಕನ ಕಾಲ್ಗುಣವೇ ಸರಿ ಇಲ್ಲ, ಮೊದಲು ಗಂಡನನ್ನು ತಿಂದಳು, ಈಗ ತಮ್ಮನನ್ನು ಕುಂಟ ಮಾಡಿದಳು ಎಂದು ನಲ್ಲಿಯ ಹತ್ತಿರ ಮಾತಾಡಿಕೊಳ್ಳುತ್ತಿದ್ದಾರಂತೆ. ಅಕ್ಕ ಕೊಡ ತುಂಬಿಸದೆ ವಾಪಸ್ ಬಂದಳು. ನಾನು ಎದ್ದು ಹೋಗಿ ಅದು ಹಾಗಲ್ಲ ಎಂದು ಹೇಳಬೇಕಿತ್ತು. ಹೋಗಲಿಲ್ಲ. ಕುಂಟಿಕೊಂಡು ಬೀದಿಗೆ ಹೋಗಲು ನಾಚಿಕೆಯಾಯಿತು.

ಫೆಬ್ರವರಿ 14, ಭಾನುವಾರ

ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ ಗರಡಿಗೆ ಹೋದೆ. ಒಳಗೆ ಯಾರೂ ಇರಲಿಲ್ಲ. ಕೆಂಪು ಮಣ್ಣಿನ ವಾಸನೆ, ಎಣ್ಣೆ ವಾಸನೆ. ಹತ್ತು ದಿನ ಉಪವಾಸ ಇದ್ದವನ ಮುಂದೆ ತಟ್ಟೆ ಇಟ್ಟ ಹಾಗಾಯಿತು. ಗುಂಡು ಮುಟ್ಟಲಿಲ್ಲ. ಬಸ್ಕಿ ಮಾತ್ರ ಹೊಡೆಯೋಣ, ಬಸ್ಕಿಯಿಂದ ಸೊಂಟಕ್ಕೇನು ಎಂದು ನನಗೆ ನಾನೇ ವಕೀಲನಾದೆ.

ಕೂತೆ. ಏಳಲಾಗಲಿಲ್ಲ.

ಪಕ್ಕಕ್ಕೆ ಬಿದ್ದವನು ಹಾಗೇ ಬಿದ್ದಿದ್ದೆ. ಕೂಗಲು ಮನಸ್ಸಾಗಲಿಲ್ಲ. ಇರುವೆಗಳು ಎಡಗಾಲಿನ ಮೇಲೆ ಹತ್ತಿ ಹೋಗುತ್ತಿದ್ದವು, ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಗೊತ್ತಾಗುತ್ತಿರಲಿಲ್ಲ. ಸಂಜೆ ಮಣ್ಣು ಅಗೆಯಲು ಸನಿಕೆ ಹಿಡಿದು ಬಂದ ರಾಮಾಂಜನೇಯ ಬಾಗಿಲಲ್ಲೇ ನಕ್ಕ.

“ಎದ್ದೇಳಲೇ. ಮನೇಲಿ ಚಾಪೆ ಇಲ್ವೇನ್ಲೇ?”

ನಾನು ಏಳಲಿಲ್ಲ. ಅವನ ನಗು ನಿಂತಿತು. ಬೆನ್ನ ಮೇಲೆ ಹೊತ್ತುಕೊಂಡು ಮನೆಗೆ ತಂದ. ದಾರಿಯುದ್ದಕ್ಕೂ, “ಯಾರಿಗೂ ಹೇಳಲ್ಲ ಕಣೋ, ಯಾರಿಗೂ ಹೇಳಲ್ಲ,” ಎನ್ನುತ್ತಿದ್ದ. ಬೀದಿಯವರೆಲ್ಲ ಜಗಲಿಗೆ ಬಂದು ನೋಡುತ್ತಿದ್ದರು.

ಫೆಬ್ರವರಿ 15, ಸೋಮವಾರ

ಬೆಳಿಗ್ಗೆ ಮೂತ್ರ ಬರಲಿಲ್ಲ. ಗೋಡೆ ಹಿಡಿದುಕೊಂಡು ನಿಂತೇ ಇದ್ದೆ. ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯಿತು. ಅತ್ತುಬಿಟ್ಟೆ. ಆಮೇಲೆ ಬಂತು.

ಎರಡು ಹೊತ್ತೂ ಬೋರಲು ಮಲಗಿದೆ. ದ್ರಾಕ್ಷಾಯಣಮ್ಮ ಹೇಳಿದಷ್ಟೇ ಎದೆ ಎತ್ತಿದೆ.

ಮಾರ್ಚ್ 2, ಮಂಗಳವಾರ

ಅವ್ವ ಕುರಿ ಮೇಯುವ ಕಾವಲ್ ಕಡೆಯಿಂದ ಕುರಿ ಹೊಡೆದುಕೊಂಡು ಬಂದಾಗ ನಾನು ನಡುಮನೆಯಲ್ಲಿ ಮಲಗಿ ಎದೆ ಎತ್ತುತ್ತಿದ್ದೆ. ಈಗ ಬಾಗಿಲು ಹಾಕಿಕೊಳ್ಳುವುದಿಲ್ಲ, ಸೆಕೆ. ಅವಳು ಸುಮ್ಮನೆ ನೋಡುತ್ತ ನಿಂತಳು. ನನಗೆ ರೇಗಿತು.

“ನೋಡು, ಚೆನ್ನಾಗಿ ನೋಡು. ಹಿಂಗೇ ಮಲಗಿ ಮಲಗಿ ಅಪ್ಪನಂಗೇ ಸಾಯ್ತೀನಿ.”

“ನಿಮ್ಮಪ್ಪ ಮಲಗಿ ಸತ್ತ ಅಂದೋರ್ಯಾರು?”

“ಸಾಮು ಬಿಟ್ಟು ಸತ್ತ. ಊರಿಗೇ ಗೊತ್ತೈತೆ.”

ಅವ್ವ ಹೆಚ್ಚು ಮಾತಾಡುವವಳಲ್ಲ. ಕೈಯಲ್ಲಿದ್ದ ಕೋಲನ್ನು ಮೂಲೆಗಿಟ್ಟು ಕೂತಳು.

“ಸಾಮು ಬಿಟ್ಟಿದ್ದಕ್ಕೆ ಕಾಯಿಲೆ ಬರ್ಲಿಲ್ಲ ಕಣೋ. ಕಾಯಿಲೆ ಬಂದು ಸಾಮು ಬಿಡ್ತು. ಕ್ಷಯ. ಬಾಯಾಗೆ ರಕ್ತ ಬರ್ತಿದ್ರೂ ಗರಡಿಗೆ ಹೋಗೋನು. ದುರ್ಗದ ಡಾಕ್ಟ್ರು ಮಾತ್ರೆ ಕೊಟ್ಟು, ಮೈ ದಣಿಸ್ಬ್ಯಾಡ ಅಂದಿದ್ರು. ಮೈ ಇಳಿದ್ರೆ ನಾಕು ಜನ ಏನಂತಾರೆ ಅಂತ ಹೋಗೋನು. ಕೆಮ್ಮಿದ್ದನ್ನ ಆ ಮಣ್ಣಾಗೇ ಮುಚ್ಚಿ ಬರೋನು. ನಿಲ್ಲಾಕೇ ಆಗ್ದಂಗಾದ್ಮೇಲೆ ಬಿಟ್ಟ.”

“ಉಸ್ತಾದ್ರಿಗೆ ಗೊತ್ತಿತ್ತಾ?”

“ಯಾರ್ಗೂ ಹೇಳ್ಬ್ಯಾಡ ಅಂತ ನನ್ನ ಕೈಲಿ ಆಣೆ ಇಡಿಸ್ಕಂಡಿದ್ದ.”

“ನಂಗಾದ್ರೂ ಹೇಳ್ಬೋದಿತ್ತಲ್ಲ?”

“ಉಸ್ತಾದ್ರ ಮಾತಿಗೆ ಹೆದ್ರಿ ನೀನು ಗರಡಿಗೆ ಹೋಗ್ತಿದ್ದೆ. ಶಾಲೆ ಬಿಟ್ಟೋನು ಇನ್ನೆಲ್ಲಿಗೆ ಹೋಗ್ತಿದ್ದೆ, ಹೆಂಡದಂಗಡಿಗೆ. ಅದಕ್ಕೆ ಸುಮ್ಕಿದ್ದೆ.”

ಅವಳ ಮೇಲೆ ಬಂದ ಸಿಟ್ಟಿಗೆ ಉಣ್ಣಲಿಲ್ಲ. ಅಪ್ಪ ಕೆಮ್ಮಿ ಮುಚ್ಚಿದ ಮಣ್ಣನ್ನೇ ನಾನು ಇಷ್ಟು ವರ್ಷ ಮೈಗೆ ಬಳಿದುಕೊಂಡಿದ್ದೇನೆ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುತ್ತಿಲ್ಲ.

ಮಾರ್ಚ್ 10, ಬುಧವಾರ

ಕಾಲಿನ ಹಿಂದಿನ ಉರಿ ಈಗ ಮೊಣಕಾಲಿಗಿಂತ ಕೆಳಗೆ ಇಳಿಯುತ್ತಿಲ್ಲ. ಪಾದ ಹಾಗೇ ಇದೆ. ಡಾಂಬರು ರಸ್ತೆಯಲ್ಲಿ ನಡೆಯುವಾಗ ಅದು ಪಟ್ ಪಟ್ ಎಂದು ನೆಲಕ್ಕೆ ಬಡಿಯುತ್ತದೆ. ನಾಯಿಗಳು ತಿರುಗಿ ನೋಡುತ್ತವೆ.

ಉಸ್ತಾದರು ಮನೆಗೆ ಬಂದಿದ್ದರು. ಯುಗಾದಿಯ ದಿನ ಬೇವುಬೆಲ್ಲ ತಿಂದ ಮೇಲೆ ನಮ್ಮ ಗರಡಿಯಲ್ಲಿ ಗುಂಡು ಎತ್ತುತ್ತಾರೆ. ಹಿಂದಿನ ವರ್ಷ ಎತ್ತಿದವನು ಮೊದಲು ಎತ್ತಬೇಕು. ಅವನು ಕೆಳಗಿಡುವವರೆಗೆ ಬೇರೆಯವರು ಮುಟ್ಟುವ ಹಾಗಿಲ್ಲ. ಹಿಂದಿನ ಮೂರು ವರ್ಷವೂ ಎತ್ತಿದವನು ನಾನು.

“ಒಂದೇ ಸಲ ಕಣಪ್ಪ. ಎದೆಮಟ್ಟಕ್ಕೆ ತಂದು ಬಿಟ್ಬಿಡು. ನರ ತಾನೇ ಕೂತ್ಕಂತೈತೆ. ನಾನು ಕೆಟ್ಟದ್ದು ಹೇಳ್ತೀನೇನು ನಿಂಗೆ?”

ಕೆಟ್ಟದ್ದು ಬಯಸಿ ಹೇಳುತ್ತಿಲ್ಲ ಎಂಬುದು ನನಗೂ ಗೊತ್ತು. ಅಪ್ಪ ಸತ್ತಾಗ ನನಗೆ ಲಂಗೋಟಿ ಹೊಲಿಸಿ ಕೊಟ್ಟವರು ಅವರು. ಬರುವುದಿಲ್ಲ ಎನ್ನಬೇಕಿತ್ತು. “ನೋಡ್ತೀನಿ ಉಸ್ತಾದ್ರೆ,” ಎಂದೆ.

ಮಾರ್ಚ್ 18, ಗುರುವಾರ, ಯುಗಾದಿ

ಎಣ್ಣೆ ನೀರು ಹಾಕಿಕೊಂಡು ಹೊಸ ಅಂಗಿ ತೊಟ್ಟು ಹೋದೆ. ಹೋಗದೆ ಇದ್ದಿದ್ದರೆ ಸುಲಭವಾಗುತ್ತಿತ್ತು. ಆದರೆ ಬಾರದೆ ಇದ್ದವನ ಬಗ್ಗೆ ಕಥೆ ಕಟ್ಟುತ್ತಾರೆ, ಅದನ್ನು ಹನ್ನೊಂದು ವರ್ಷ ಕೇಳಿದ್ದೇನೆ.

ಗರಡಿಯ ಮುಂದೆ ಜನ ತುಂಬಿತ್ತು. ಗುಂಡಿಗೆ ಕುಂಕುಮ ಇಟ್ಟು ಹೂವು ಹಾಕಿದ್ದರು. ನನ್ನ ಪಾದದ ಸದ್ದು ಕೇಳಿ ದಾರಿ ಬಿಟ್ಟರು. ಗುಂಡಿನ ಮುಂದೆ ನಿಂತೆ. ಈಗ ಬರೆಯುವುದೂ ನಿಜವೇ. ನನ್ನ ಮೈ ಎತ್ತಬೇಕು ಎಂದಿತು. ತೊಡೆ ತಾನಾಗಿ ಅಗಲವಾಯಿತು, ಕೈ ತಾನಾಗಿ ಮುಂದೆ ಬಂತು. ಎರಡೂ ಕಾಲು ಹೋದರೆ ಹೋಗಲಿ, ಇವರ ಮುಂದೆ ಒಂದು ಸಲ ಎತ್ತಿಬಿಡೋಣ ಎಂದೇ ಅನ್ನಿಸಿತು.

ಉಸ್ತಾದರು ಜನರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದರು. “ಹುಡುಗನ ತಪ್ಪಿಲ್ಲ. ಹೆಣ್ಣಿನ ಕಾಲು ತಾಗಿ ಹಿಂಗಾಗೈತೆ. ಗುಂಡು ಎತ್ತಿದ್ರೆ ಆ ದೋಷಾನೂ ಕಳೀತೈತೆ.”

ಕೈ ಹಿಂದೆ ತೆಗೆದೆ.

“ಅಕ್ಕನ ಕಾಲಿಂದ ಆಗಿದ್ದಲ್ಲ ಉಸ್ತಾದ್ರೆ.”

“ಏನಂದೆ?”

“ಅವಳು ಬ್ಯಾಡ ಅಂದ್ಳು, ನಾನೇ ಬಲವಂತ ಮಾಡಿ ನಿಲ್ಲಿಸ್ದೆ. ಅದಕ್ಕೂ ಮೊದ್ಲೇ, ದೀಪಾವಳಿಯಿಂದ ಕಾಲು ಜೋಮು ಹಿಡೀತಿತ್ತು. ಇದನ್ನ ಎತ್ತಿ ಎತ್ತಿ ಆಗಿದ್ದು.” ಗುಂಡನ್ನು ತೋರಿಸಿದೆ. “ನಾನು ಎತ್ತಲ್ಲ.”

ಹಿಂದಿನಿಂದ ಯಾರೋ, “ಅಪ್ಪನ ಮಗ ಕಣ್ರಪ್ಪ,” ಎಂದರು. ಕೆಲವರು ನಕ್ಕರು.

“ನಮ್ಮಪ್ಪ ಬಿಟ್ಟು ಸಾಯ್ಲಿಲ್ಲ, ಬಿಡ್ದೆ ಸತ್ತ. ಕ್ಷಯ ಇತ್ತು. ಅವ್ವನ್ನ ಕೇಳ್ರಿ.”

ಉಸ್ತಾದರ ಮುಖ ನೋಡಬಾರದಿತ್ತು. ನೋಡಿದೆ. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು. ಅಷ್ಟು ವಯಸ್ಸಾಗಿದೆ ಅವರಿಗೆ ಎಂದು ನಾನು ಮೊದಲು ಗಮನಿಸಿರಲಿಲ್ಲ. ಕೊನೆಗೆ ಹೇಳಿದರು, “ಇನ್ಮೇಲೆ ಮಣ್ಣಿಗೆ ಇಳೀಬ್ಯಾಡ ನೀನು.”

“ಹೂಂ,” ಎಂದೆ.

ಬಾಗಿಲು ದಾಟುವಾಗ ಎಡಗಾಲು ಹೊಸ್ತಿಲಿಗೆ ತಾಗಿ ಮುಗ್ಗರಿಸಿದೆ. ಈ ಸಲ ಯಾರೂ ನಗಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಕೇಕೆ ಕೇಳಿಸಿತು. ರಾಮಾಂಜನೇಯ ಎತ್ತಿದ್ದಿರಬೇಕು.

ಮಾರ್ಚ್ 19, ಶುಕ್ರವಾರ

ಬೆಳಿಗ್ಗೆ ಬೋರಲು ಮಲಗುವ ಸಾಮು ಮುಗಿಸಿ ರಸ್ತೆಯಲ್ಲಿ ನಡೆದು ಬಂದೆ. ಎದುರಿಗೆ ಸಿಕ್ಕ ಇಬ್ಬರು ಮಾತಾಡಿಸಲಿಲ್ಲ. ಮಧ್ಯಾಹ್ನ ಪೂರ್ತಿ ಮಲಗಿದ್ದೆ, ನಿದ್ದೆ ಬರಲಿಲ್ಲ.

ಏಪ್ರಿಲ್ 21, ಬುಧವಾರ

ಒಂದು ತಿಂಗಳು ಬರೆದಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ. ಎದ್ದೆ, ಸಾಮು ಮಾಡಿದೆ, ನಡೆದೆ, ಉಂಡೆ.

ಮಿಲ್ಲಿನ ಮೇಸ್ತ್ರಿ ಮೂಟೆ ಹೊರುವುದು ಬೇಡ ಎಂದು ಚೀಲದ ಬಾಯಿ ಹೊಲಿಯಲು ನಿಲ್ಲಿಸಿದ್ದಾನೆ. ದಬ್ಬಣ ಹಿಡಿದು ಹೆಂಗಸರ ಸಾಲಿನಲ್ಲಿ ನಿಂತಿರುತ್ತೇನೆ. ಕೂಲಿ ಕಡಿಮೆ. ಪಕ್ಕದ ಪಾತಮ್ಮ ಮೊದಲ ದಿನ ನನ್ನ ಹೊಲಿಗೆ ನೋಡಿ, “ಇದರಾಗೆ ಕಡ್ಲೆಕಾಯಿ ನಿಲ್ಲಲ್ಲಪ್ಪೋ, ಕುಂಬಳಕಾಯಿ ಆದ್ರೆ ನಿಂತಾವು,” ಎಂದಿದ್ದಳು. ಈಗ ಏನೂ ಅನ್ನುವುದಿಲ್ಲ.

ಇವತ್ತು ದುರ್ಗಕ್ಕೆ ಹೋಗಿದ್ದೆ. ದ್ರಾಕ್ಷಾಯಣಮ್ಮ ಸೊಂಟ ನೋಡಿ ತಲೆಯಾಡಿಸಿದರು. ಪಾದವನ್ನು ಕೈಯಲ್ಲಿ ಹಿಡಿದುಕೊಂಡು ಒಂದೊಂದೇ ಬೆರಳನ್ನು ಅಲುಗಿಸಿ ನೋಡಿದರು.

“ಸೊಂಟ ಉಳಿಸ್ಕೊಂಡೆ. ಪಾದದ್ದು ಹೇಳಕ್ಕಾಗಲ್ಲ ಕಣಪ್ಪ. ಇಷ್ಟೇ ಇರಬಹುದು.”

“ಗುಂಡು ಎತ್ತಿದ್ದಿದ್ರೆ?”

“ಬಸ್ಸಿಂದ ನಿನ್ನನ್ನ ಇಬ್ಬರು ಇಳಿಸಬೇಕಾಗ್ತಿತ್ತು.”

ಪಾದ ಜೋಲದ ಹಾಗೆ ಒಂದು ಪಟ್ಟಿ ಕೊಟ್ಟಿದ್ದಾರೆ. ಇನ್ನು ಮುಂದೆ ಸಾಮಿಗೆ ಇನ್ನೊಬ್ಬರು ಬೇಕಂತೆ. ಅವರು ಪಾದದ ಮೇಲೆ ಅಂಗೈ ಇಟ್ಟು ಕೆಳಕ್ಕೆ ಒತ್ತಬೇಕು, ನಾನು ಮೇಲಕ್ಕೆ ತಳ್ಳಬೇಕು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಅಕ್ಕ ಇದ್ದಾಳೆ ಎಂದೆ.

ಮೇ 9, ಭಾನುವಾರ

ಇಷ್ಟು ದಿನ ಅವ್ವನ ಕೈಯಲ್ಲಿ ಒತ್ತಿಸಿಕೊಂಡೆ. ಅವಳು ಮುಟ್ಟಿದ ಕೂಡಲೇ ಕೈ ತೆಗೆದು, “ಸಾಕೇನೋ?” ಎನ್ನುತ್ತಾಳೆ. ಅಕ್ಕನನ್ನು ಕೇಳಲು ಧೈರ್ಯ ಬಂದಿರಲಿಲ್ಲ. ಜನವರಿಯಿಂದ ಅವಳು ನನ್ನ ತಟ್ಟೆಯನ್ನು ಸಹ ಕೈಗೆ ಕೊಡುವುದಿಲ್ಲ, ನೆಲದ ಮೇಲಿಟ್ಟು ಸರಿಸುತ್ತಾಳೆ.

ಇವತ್ತು ಬೆಳಿಗ್ಗೆ ಯಾವುದೋ ಊರಿನಿಂದ ಒಬ್ಬ ಮುದುಕ ಸೊಂಟ ಹಿಡಿದುಕೊಂಡು ಬಂದಿದ್ದ. ಅವನಿಗೆ ಏನೂ ಗೊತ್ತಿಲ್ಲ. ಅಕ್ಕ ಒಳಗೆ ಹೋಗಿ ಕದ ಹಾಕಿಕೊಂಡಳು. ದುರ್ಗದ ಆಸ್ಪತ್ರೆಗೆ ಹೋಗಿ ಎಂದು ನಾನೇ ಹೇಳಿ ಕಳಿಸಿದೆ. ಆಮೇಲೆ ಕದ ತಟ್ಟಿದೆ.

“ಅಕ್ಕ, ಬಾ. ಪಾದ ಒತ್ತು.”

“ಅವ್ವ ಬರ್ತಾಳೆ ತಡಿ.”

“ಅವ್ವ ಕುರಿ ಹೊಡ್ಕಂಡು ಹೋಗ್ಯಾಳೆ. ನೀನು ಬಾ.”

“ನನ್ನ ಕೈಲಿ ಬ್ಯಾಡ ಕಣೋ.”

“ಅವತ್ತು ಬ್ಯಾಡ ಅಂದಿದ್ದು ನೀನು. ಕೇಳ್ದೆ ಇದ್ದೋನು ನಾನು. ಯುಗಾದಿ ದಿನ ಊರ ಮುಂದೆ ಹೇಳಿದೀನಿ. ನಿಂಗೆ ಇನ್ನೂ ಹೇಳಿರ್ಲಿಲ್ಲ.”

ಬಹಳ ಹೊತ್ತಿನ ಮೇಲೆ ಕದ ತೆಗೆದಳು. ಎದುರಿಗೆ ಕೂತು ಸೆರಗಿಗೆ ಕೈ ಒರೆಸಿಕೊಂಡಳು. ಅಂಗೈಯನ್ನು ಪಾದದ ಮೇಲಿಟ್ಟಳು, ಬಿಸಿ ಪಾತ್ರೆ ಮುಟ್ಟುವವರ ಹಾಗೆ.

“ಒತ್ತು.”

ಒತ್ತಿದಳು. ನಾನು ಹಲ್ಲು ಕಚ್ಚಿ ತಳ್ಳಿದೆ. ಮೊಣಕಾಲು ನಡುಗಿತು, ಬೆವರು ಇಳಿಯಿತು. ಪಾದ ಕಣ್ಣಿಗೆ ಕಾಣುವ ಹಾಗೆ ಅಲುಗಲಿಲ್ಲ. ಅಕ್ಕ ತಲೆ ಎತ್ತಿದಳು.

“ಬಂತು ಕಣೋ. ಅಂಗೈಗೆ ತಾಗ್ತು.”

“ಸುಳ್ಳು ಹೇಳ್ಬ್ಯಾಡ.”

“ಸುಳ್ಳಲ್ಲ ಕಣೋ. ಒಂಚೂರು. ಹೆಬ್ಬೆರಳಿನ ಹತ್ರ.”

ನನಗೇನೂ ಗೊತ್ತಾಗಲಿಲ್ಲ. ಅಳುತ್ತಿದ್ದಳು, ನನ್ನ ಸಮಾಧಾನಕ್ಕೆ ಹೇಳಿರಬಹುದು, ತನ್ನ ಸಮಾಧಾನಕ್ಕೂ ಇರಬಹುದು. ಆದ್ದರಿಂದ ಪಾದ ಅಲುಗಿತು ಎಂದು ಇಲ್ಲಿ ಬರೆಯುವುದಿಲ್ಲ. ಅಕ್ಕ ಹಾಗೆ ಹೇಳಿದಳು ಎಂದಷ್ಟೇ ಬರೆಯುತ್ತೇನೆ.

ಕೈ ತೆಗೆಯಬೇಡ, ಇನ್ನೊಂದು ಸಲ ಒತ್ತು ಎಂದೆ. ಒತ್ತಿದಳು.